ಕಡತ ಮತ್ತು ತಾಳೆಗರಿ: ಪಠ್ಯ ಸಂಪಾದನ ತಂತ್ರಾಂಶಗಳಲ್ಲಿ ಪಾಠದ ಸಂಗ್ರಹ ಹಾಗೂ ಬದಲಾವಣೆಯ ದಾಖಲೆ

1. ಪ್ರಸ್ತಾವನೆ

ಕನ್ನಡದ ಗ್ರಂಥಸಂಪಾದನ ಶಾಸ್ತ್ರವು ತನ್ನ ನಿಯಮಗಳನ್ನು ರೂಪಿಸಿಕೊಂಡದ್ದು ತಾಳೆಗರಿ ಮತ್ತು ಕಾಗದದ ಪ್ರತಿಗಳನ್ನು ಮುಂದಿಟ್ಟುಕೊಂಡು. ಲಿಪಿಕಾರನ ಸ್ಖಾಲಿತ್ಯ, ಪಾಠಾಂತರ, ಪ್ರಕ್ಷೇಪ, ಪ್ರತಿಗಳ ವಂಶಾವಳಿ ಮುಂತಾದ ಪರಿಕಲ್ಪನೆಗಳನ್ನು ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಕನ್ನಡದಲ್ಲಿ ಶಾಸ್ತ್ರೀಯವಾಗಿ ನೆಲೆಗೊಳಿಸಿದರು. ಜಾನಪದ ಪಠ್ಯಗಳ ಸಂಪಾದನೆಯೂ ಈ ಪರಿಭಾಷೆಯನ್ನೇ ಬಹುಮಟ್ಟಿಗೆ ಬಳುವಳಿಯಾಗಿ ಪಡೆಯಿತು. ಆದರೆ ಇಂದು ಧ್ವನಿಮುದ್ರಿಕೆಯಿಂದ ಬರಹಕ್ಕಿಳಿಯುವ ಹಾಡು ನೇರವಾಗಿ ಸೇರುವುದು ಗಣಕಯಂತ್ರದ ತಂತ್ರಾಂಶವೊಂದರೊಳಕ್ಕೆ. ಅಲ್ಲಿಯೇ ಅದು ತಿದ್ದುಪಡಿಗೆ ಒಳಗಾಗುತ್ತದೆ, ಅಲ್ಲಿಂದಲೇ ಅಚ್ಚಿಗೆ ಹೋಗುತ್ತದೆ. ಆ ತಂತ್ರಾಂಶವು ಪಾಠವನ್ನು ಹೇಗೆ ಇಟ್ಟುಕೊಳ್ಳುತ್ತದೆ, ಯಾವ ಬದಲಾವಣೆಯನ್ನು ನೆನಪಿಡುತ್ತದೆ, ಯಾವುದನ್ನು ಮರೆಯುತ್ತದೆ ಎಂಬುದನ್ನು ಬೆರಳಚ್ಚಿನ ಅನುಕೂಲದ ಪ್ರಶ್ನೆಯಾಗಿ ನೋಡುವುದು ರೂಢಿ. ವಾಸ್ತವವಾಗಿ ಅದು ಸಂಪಾದನೆಯ ಪ್ರಶ್ನೆ.

ಈ ಪ್ರಶ್ನೆಗೆ ಪ್ರವೇಶ ಒದಗಿಸಬಲ್ಲ ಒಂದು ಶಬ್ದ ಕನ್ನಡದಲ್ಲಿಯೇ ಇದೆ. ಗಣಕದಲ್ಲಿ ಉಳಿಸಿದ ದಾಖಲೆಯನ್ನು ಕನ್ನಡದಲ್ಲಿ 'ಕಡತ' ಎನ್ನಲಾಗುತ್ತದೆ. ಸರ್ಕಾರಿ ಕಚೇರಿಯ ಫೈಲಿಗೂ ಇದೇ ಹೆಸರು. ಹಿಂದೆ ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಲೇಪಿಸಿ ಕಪ್ಪಾಗಿಸಿದ, ಮಡಿಕೆ ಮಡಿಕೆಯಾಗಿ ಮಡಚಿಡುತ್ತಿದ್ದ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ವ್ಯಾಪಾರಿಗಳ ಮತ್ತು ಶಾನುಭೋಗರ ಲೆಕ್ಕಗಳಿಗೆ ಇದು ಒಗ್ಗಿದ ಸಾಧನವಾಗಿತ್ತು. ಶೃಂಗೇರಿ ಮಠದ ಕಡತಗಳಂತೆ ಜೋಪಾನವಾಗಿ ಉಳಿದು ಇತಿಹಾಸದ ಆಕರಗಳಾದವುಗಳೂ ಉಂಟು. ತಾಳೆಗರಿಯ ಸ್ವಭಾವವೇ ಬೇರೆ. ಕಂಠದಿಂದ ಕೊರೆದ ಅಕ್ಷರವನ್ನು ಒರೆಸಲಾಗದು. ಲಿಪಿಕಾರನು ಬಿಟ್ಟುಹೋದ ಅಕ್ಷರವನ್ನು ಗರಿಯ ಅಂಚಿನಲ್ಲಿ ಬರೆದು, ಅದು ಸೇರಬೇಕಾದ ಜಾಗದಲ್ಲಿ ಹಂಸಪಾದದ ಗುರುತು ಹಾಕುತ್ತಿದ್ದನು. ತಪ್ಪೂ ಉಳಿಯಿತು, ತಿದ್ದುಪಡಿಯೂ ಉಳಿಯಿತು, ತಿದ್ದಿದ ಜಾಗವೂ ತಿಳಿಯಿತು. ಪಠ್ಯ ತಂತ್ರಾಂಶಗಳ ಒಳರಚನೆಯಲ್ಲಿ ಈ ಎರಡು ಸ್ವಭಾವಗಳೂ ಕಂಡುಬರುತ್ತವೆ. ಅವುಗಳನ್ನು ಗುರುತಿಸಿ, ಮೌಖಿಕ ಪಠ್ಯಗಳ ಸಂಪಾದನೆಗೆ ಅವು ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪಾಠವನ್ನು ಇಟ್ಟುಕೊಳ್ಳುವ ಬಗೆಗಳು

ಅಕ್ಷರಸಂಕೇತಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಸಾಲಾಗಿ ಇಡುವುದು ಪಾಠಸಂಗ್ರಹದ ಅತಿ ಸರಳ ವಿಧಾನ. ಇದರ ತೊಡಕು ಸ್ಪಷ್ಟವಾದುದು. ಸಾಲಿನ ಆರಂಭದಲ್ಲಿ ಒಂದು ಅಕ್ಷರವನ್ನು ಸೇರಿಸಬೇಕಾದರೂ ಅನಂತರದ ಎಲ್ಲ ಅಕ್ಷರಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಬೇಕಾಗುತ್ತದೆ. ಇದಕ್ಕೆ ಕಂಡುಕೊಂಡ ಒಂದು ಪರಿಹಾರ 'ಗ್ಯಾಪ್ ಬಫರ್'. ಬರೆಯುವ ಜಾಗದಲ್ಲಿ ಒಂದಷ್ಟು ತೆರಪನ್ನು ಮೊದಲೇ ಬಿಟ್ಟುಕೊಂಡು, ಬರೆಯುವವನು ಬೇರೆಡೆಗೆ ಹೋದಾಗ ಆ ತೆರಪನ್ನೂ ಅಲ್ಲಿಗೆ ಒಯ್ಯುವ ಕ್ರಮವಿದು. ಈಮ್ಯಾಕ್ಸ್ ಎಂಬ ಪ್ರಸಿದ್ಧ ತಂತ್ರಾಂಶ ಇದನ್ನು ಅನುಸರಿಸುತ್ತದೆ. ಇಲ್ಲಿ ಅಳಿಸಿದ ಅಕ್ಷರವು ತೆರಪಿಗೆ ಸೇರಿಹೋಗುತ್ತದೆ. ಮುಂದೆ ಬರೆದದ್ದು ಅದರ ಮೇಲೆಯೇ ಕೂರುತ್ತದೆ. ಸಂಗ್ರಹದ ದೃಷ್ಟಿಯಿಂದ ಇದು ಕಡತದ ಸ್ವಭಾವ. ಅಳಿದುದನ್ನು ಮರಳಿ ಪಡೆಯಬೇಕಾದರೆ ಅದನ್ನು ಬೇರೊಂದು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು.

ಇನ್ನೊಂದು ವಿಧಾನ 'ಪೀಸ್ ಟೇಬಲ್', ಅಂದರೆ ತುಣುಕುಗಳ ಪಟ್ಟಿ. 1970ರ ದಶಕದ ಆರಂಭದಲ್ಲಿ ರೂಪುಗೊಂಡ ಈ ಕ್ರಮದ ಕರ್ತೃತ್ವವನ್ನು ಸಾಮಾನ್ಯವಾಗಿ ಜೆ. ಸ್ಟ್ರಾದರ್ ಮೂರ್ ಅವರಿಗೆ ಸಲ್ಲಿಸಲಾಗುತ್ತದೆ. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತು ಅವರ ಸಂಗಡಿಗರು 1974ರಲ್ಲಿ ಸಿದ್ಧಪಡಿಸಿದ ಬ್ರಾವೊ ತಂತ್ರಾಂಶವು ಇದನ್ನು ಬಳಸಿತು. ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯನ್ನು ಸೇರಿದರು. 1983ರಲ್ಲಿ ಹೊರಬಂದ ವರ್ಡ್ ತಂತ್ರಾಂಶವು ಇದೇ ಪರಂಪರೆಗೆ ಸೇರಿದುದು.

ಪೀಸ್ ಟೇಬಲ್ಲಿನಲ್ಲಿ ಎರಡು ಸಂಗ್ರಹಗಳಿರುತ್ತವೆ. ತೆರೆದ ಕ್ಷಣದಲ್ಲಿ ಪಾಠ ಹೇಗಿತ್ತೋ ಹಾಗೆಯೇ ಇರುವ ಮೂಲಸಂಗ್ರಹವನ್ನು ಮುಟ್ಟುವಂತಿಲ್ಲ. ಹೊಸದಾಗಿ ಬರೆದುದೆಲ್ಲ ಸೇರ್ಪಡೆಯ ಸಂಗ್ರಹದ ಕೊನೆಗೆ ಕೂಡುತ್ತ ಹೋಗುತ್ತದೆ, ಅಲ್ಲಿಯೂ ಅಳಿಸುವುದೆಂಬುದಿಲ್ಲ. ಪರದೆಯ ಮೇಲೆ ಕಾಣುವ ಪಾಠವು ಈ ಎರಡರ ತುಣುಕುಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ತಿಳಿಸುವ ಒಂದು ಪಟ್ಟಿ ಮಾತ್ರ. ನಿದರ್ಶನಕ್ಕೆ, ಹಳೆಯ ಮೈಸೂರು ಭಾಗದ ಆಡುಮಾತಿನಲ್ಲಿ ಹೇಳಿದ "ಅವ್ವ ಆಲು ಕೊಟ್ಟಳು" ಎಂಬ ವಾಕ್ಯವನ್ನು ಬರಹಕ್ಕಿಳಿಸಲಾಗಿದೆ ಎಂದುಕೊಳ್ಳಬಹುದು. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ, ತೆರಪುಗಳೂ ಸೇರಿ, ಇದರ ಉದ್ದ 16. ಸಂಪಾದಕನು 'ಆಲು' ಎಂಬುದನ್ನು 'ಹಾಲು' ಎಂದು ತಿದ್ದಿದರೆ ಮೂಲಸಂಗ್ರಹದಲ್ಲಿ ಆ 16 ಸಂಕೇತಗಳೂ ಇದ್ದಂತೆಯೇ ಇರುತ್ತವೆ. ಸೇರ್ಪಡೆಯ ಸಂಗ್ರಹಕ್ಕೆ 'ಹಾಲು' ಎಂಬ 4 ಸಂಕೇತಗಳು ಬರುತ್ತವೆ. ಮೂಲದ ಮೊದಲ 5 ಸಂಕೇತ, ಸೇರ್ಪಡೆಯ 4 ಸಂಕೇತ, ಬಳಿಕ ಮೂಲದ ಕೊನೆಯ 8 ಸಂಕೇತ ಎಂದು ಪಟ್ಟಿ ಬದಲಾಗುತ್ತದೆ. ಗಾಯಕನ 'ಆಲು' ಅಳಿದಿಲ್ಲ. ಅದನ್ನು ಓದಬೇಡವೆಂದು ಪಟ್ಟಿ ಸೂಚಿಸಿದೆ ಅಷ್ಟೆ. ತಾಳೆಗರಿಯ ಹಂಸಪಾದ ಮಾಡುತ್ತಿದ್ದುದು ಬಹುಮಟ್ಟಿಗೆ ಈ ಕೆಲಸವನ್ನೇ.

ಈ ವಿಧಾನ ಹಳತಾದರೂ ಬಳಕೆ ತಪ್ಪಿಲ್ಲ. ವಿಷುಯಲ್ ಸ್ಟುಡಿಯೋ ಕೋಡ್ ಎಂಬ ತಂತ್ರಾಂಶವು ಮೊದಲು ಪ್ರತಿಯೊಂದು ಸಾಲನ್ನೂ ಬಿಡಿ ಘಟಕವಾಗಿ ಇಟ್ಟುಕೊಳ್ಳುತ್ತಿತ್ತು. 35 ಎಂಬಿ ಗಾತ್ರದ, 1 ಕೋಟಿ 37 ಲಕ್ಷ ಸಾಲುಗಳಿದ್ದ ಒಂದು ಕಡತವನ್ನು ತೆರೆಯಲು ಸಾಲುಗಳ ಪಟ್ಟಿಗೇ ಸುಮಾರು 600 ಎಂಬಿ ಸ್ಮೃತಿ ಬೇಕಾಗುತ್ತಿದ್ದುದನ್ನು ಅದರ ನಿರ್ಮಾತೃಗಳು ಕಂಡುಕೊಂಡರು. 2018ರಲ್ಲಿ ಅವರು ಆ ಪದ್ಧತಿಯನ್ನು ಕೈಬಿಟ್ಟು ಪೀಸ್ ಟೇಬಲ್ಲಿನ ಒಂದು ವೃಕ್ಷರೂಪವನ್ನು ಅಳವಡಿಸಿದರು. ಮೂಲವನ್ನು ಮುಟ್ಟದಿರುವುದು ಮಿತವ್ಯಯದ ಮಾರ್ಗವೂ ಹೌದೆಂಬುದು ಇದರಿಂದ ವಿದಿತವಾಗುತ್ತದೆ.

3. 'ಉಳಿಸು' ಎಂಬ ಆಜ್ಞೆ

ಹೀಗಿದ್ದರೂ ಪೀಸ್ ಟೇಬಲ್ಲಿನ ಈ ಗುಣವನ್ನು ನೆಚ್ಚಿ ಸಂಪಾದಕನು ನಿಶ್ಚಿಂತನಾಗುವಂತಿಲ್ಲ. ಮೂಲಸಂಗ್ರಹ ಹಾಗೂ ಸೇರ್ಪಡೆಯ ಸಂಗ್ರಹಗಳು ಜೀವಂತವಾಗಿರುವುದು ಸಾಮಾನ್ಯವಾಗಿ ಕಡತವು ತೆರೆದಿರುವವರೆಗೆ ಮಾತ್ರ. 'ಉಳಿಸು' ಎಂಬ ಆಜ್ಞೆ ಕೊಟ್ಟಾಗ ತಂತ್ರಾಂಶವು ಪಟ್ಟಿಯ ಪ್ರಕಾರ ತುಣುಕುಗಳನ್ನು ಜೋಡಿಸಿ ಒಂದೇ ಸಾಲಾಗಿ ಬರೆಯುತ್ತದೆ. ಪಟ್ಟಿಯಲ್ಲಿ ಸ್ಥಾನ ಪಡೆಯದ ತುಣುಕುಗಳು ಆ ಬರಹದೊಳಗೆ ಬರುವುದಿಲ್ಲ. ಒಳಗೆ ತಾಳೆಗರಿಯಂತೆ ನಡೆದುಕೊಂಡ ತಂತ್ರಾಂಶವು ಹೊರಗೆ ಕಡತವನ್ನೇ ಕೊಡುತ್ತದೆ. ಉಳಿಸುವ ಆಜ್ಞೆಯಲ್ಲಿಯೇ ಅಳಿಸುವ ಕ್ರಿಯೆ ಅಡಗಿದೆ.

ಮಾಡಿದುದನ್ನು ರದ್ದುಗೊಳಿಸುವ 'ಅನ್‌ಡೂ' ಸೌಲಭ್ಯಕ್ಕೂ ಇದೇ ಮಿತಿಯಿದೆ. ಆರಂಭದ ವಿಐ ತಂತ್ರಾಂಶದಲ್ಲಿ ಕೊನೆಯ ಒಂದು ಕ್ರಿಯೆಯನ್ನಷ್ಟೇ ಹಿಂದೆಗೆಯಬಹುದಾಗಿತ್ತು. ಮುಂದೆ ಹಲವು ಹೆಜ್ಜೆ ಹಿಂದಕ್ಕೆ ಹೋಗುವ ಅನುಕೂಲ ಬಂದಿತಾದರೂ, ಹಿಂದಕ್ಕೆ ಹೋಗಿ ಅಲ್ಲಿಂದ ಹೊಸದಾಗಿ ಬರೆಯತೊಡಗಿದರೆ ಮುಂದಿದ್ದ ಹೆಜ್ಜೆಗಳು ಅಳಿದುಹೋಗುವುದು ಹಲವು ತಂತ್ರಾಂಶಗಳ ಸಾಮಾನ್ಯ ರೀತಿ. 2006ರಲ್ಲಿ ಬಂದ ವಿಮ್ ತಂತ್ರಾಂಶದ 7ನೆಯ ಆವೃತ್ತಿಯು ಈ ಹೆಜ್ಜೆಗಳನ್ನು ಕವಲುಗಳುಳ್ಳ ವೃಕ್ಷವಾಗಿ ಇಟ್ಟುಕೊಂಡಿತು. ಬಿಟ್ಟುಬಂದ ಕವಲಿಗೂ ಮರಳಬಹುದಾಯಿತು. 2010ರ 7.3ನೆಯ ಆವೃತ್ತಿಯು ಈ ವೃಕ್ಷವನ್ನು ಕಡತ ಮುಚ್ಚಿದ ಬಳಿಕವೂ ಕಾಯ್ದಿಡುವ ಅವಕಾಶ ನೀಡಿತು. ಇವು ಮುಖ್ಯವಾದ ಬೆಳವಣಿಗೆಗಳಾದರೂ ಬರೆಯುವವನ ಸ್ವಂತ ಸೌಕರ್ಯಕ್ಕೆ ಸಂಬಂಧಿಸಿದವು. ಓದುಗನ ಕೈಗೆ ಸಿಗುವ ಪಾಠದಲ್ಲಿ ಅವುಗಳ ಗುರುತು ಇರುವುದಿಲ್ಲ.

ಓದುಗನಿಗೂ ಕಾಣುವಂತೆ ಬದಲಾವಣೆಯನ್ನು ದಾಖಲಿಸುವ ಸೌಲಭ್ಯವೆಂದರೆ ವರ್ಡಿನ 'ಟ್ರ್ಯಾಕ್ ಚೇಂಜಸ್'. ಸೇರಿಸಿದ ಭಾಗ, ತೆಗೆದ ಭಾಗ, ತಿದ್ದಿದವರ ಹೆಸರು, ದಿನಾಂಕ ಹಾಗೂ ಸಮಯಗಳನ್ನು ಅದು ಪಾಠದೊಳಗೇ ಗುರುತಿಸುತ್ತದೆ. ಅಚ್ಚಿನ ಕರಡು ತಿದ್ದುವವರಿಗೆ ಇದು ಉಪಕಾರಿ. ಸಂಶೋಧನೆಯ ದೃಷ್ಟಿಯಿಂದ ಇದರಲ್ಲಿ ಮೂರು ಕೊರತೆಗಳು ಕಂಡುಬರುತ್ತವೆ. ಮೊದಲನೆಯದಾಗಿ, ಬದಲಾವಣೆಯನ್ನು ಒಪ್ಪಿಕೊಂಡ ಕೂಡಲೇ ಗುರುತು ಮಾಯವಾಗುತ್ತದೆ. ನಿರ್ಣಯ ಕೈಗೊಂಡ ಕ್ಷಣವೇ ಅದರ ಸಾಕ್ಷ್ಯ ನಾಶವಾಗುವ ಕ್ಷಣ. ಎರಡನೆಯದಾಗಿ, ತಿದ್ದಿದವರ ಹೆಸರೆಂದರೆ ತಂತ್ರಾಂಶದಲ್ಲಿ ನಮೂದಾಗಿರುವ ಬಳಕೆದಾರನ ಹೆಸರು. ಐದಾರು ಮಂದಿ ಬಳಸುವ ವಿಭಾಗದ ಒಂದೇ ಗಣಕದಲ್ಲಿ ಎಲ್ಲರ ತಿದ್ದುಪಡಿಗಳೂ ಒಂದೇ ಹೆಸರಿನಲ್ಲಿ ನಿಲ್ಲುತ್ತವೆ. ಮೂರನೆಯದಾಗಿ, ಏನು ಬದಲಾಯಿತು ಎಂಬುದು ದಾಖಲಾಗುತ್ತದೆಯೇ ಹೊರತು ಏಕೆ ಬದಲಾಯಿತು ಎಂಬುದು ತಾನಾಗಿ ದಾಖಲಾಗುವುದಿಲ್ಲ.

ಕೊನೆಯ ಕೊರತೆಯು ಮೇಲಿನ ನಿದರ್ಶನದಿಂದ ಸ್ಪಷ್ಟವಾಗುತ್ತದೆ. ಆಡುಮಾತಿನಲ್ಲಿ ಪದಾದಿಯ ಹಕಾರ ಲೋಪವಾಗುವುದು ಒಂದು ಧ್ವನಿನಿಯಮ. ಇಡೀ ಕಾವ್ಯದಲ್ಲಿ ಸಂಪಾದಕನು 'ಆಲು', 'ಊವು', 'ಅಟ್ಟಿ'ಗಳನ್ನು 'ಹಾಲು', 'ಹೂವು', 'ಹಟ್ಟಿ'ಗಳನ್ನಾಗಿ ಮಾಡಿದರೆ ತಂತ್ರಾಂಶವು ಸಾವಿರ ಬದಲಾವಣೆಗಳನ್ನು ಎಣಿಸುತ್ತದೆ. ನಿಜಕ್ಕೂ ಅಲ್ಲಿ ನಡೆದಿರುವುದು ಒಂದೇ ನಿರ್ಣಯ: ಗಾಯಕನ ಭಾಷೆಯನ್ನು ಶಿಷ್ಟಭಾಷೆಗೆ ಒಗ್ಗಿಸುವ ನಿರ್ಣಯ. ಅದು ಸರಿಯೇ ಎಂದು ಚರ್ಚಿಸಬೇಕಾದರೆ ಅದು ನಿರ್ಣಯವಾಗಿ ಎಲ್ಲಿಯಾದರೂ ಬರಹದಲ್ಲಿರಬೇಕು. ಸಾವಿರ ಬಿಡಿ ಗುರುತುಗಳ ರಾಶಿಯು ಆ ನಿರ್ಣಯವನ್ನು ತೋರಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು.

4. ಹೋಲಿಕೆ ಮತ್ತು ಆವೃತ್ತಿಗಳ ಭಂಡಾರ

ಬರೆಯುವಾಗಲೇ ಬದಲಾವಣೆಯನ್ನು ದಾಖಲಿಸುವುದು ಒಂದು ಮಾರ್ಗವಾದರೆ, ಎರಡು ಪಾಠಗಳನ್ನು ಅನಂತರ ಹೋಲಿಸಿ ವ್ಯತ್ಯಾಸ ಕಂಡುಹಿಡಿಯುವುದು ಇನ್ನೊಂದು. ಇದು ಗ್ರಂಥಸಂಪಾದಕರ ಪಾಠತುಲನೆಗೆ ಸಮೀಪದ ಕ್ರಿಯೆ. ಬೆಲ್ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯಲ್ಲಿ 1974ರಲ್ಲಿ ಬಂದ 'ಡಿಫ್' ಎಂಬ ಉಪಕರಣವು ಈ ಕೆಲಸ ಮಾಡುತ್ತದೆ. ಅದರ ಗಣಿತವನ್ನು ಜೇಮ್ಸ್ ಹಂಟ್ ಮತ್ತು ಡಗ್ಲಸ್ ಮೆಕಿಲ್ರಾಯ್ 1976ರಲ್ಲಿ ವಿವರಿಸಿದರು. ಎರಡು ಕಡತಗಳಲ್ಲಿ ಒಂದೇ ಅನುಕ್ರಮದಲ್ಲಿ ಬರುವ ಸಮಾನ ಸಾಲುಗಳ ಅತಿ ದೀರ್ಘ ಸರಣಿಯನ್ನು ಕಂಡುಕೊಂಡು, ಅದರ ಹೊರಗಿರುವುದೆಲ್ಲ ಸೇರ್ಪಡೆ ಅಥವಾ ಲೋಪ ಎಂದು ಗಣಿಸುವುದು ಅದರ ತಿರುಳು.

ಆವೃತ್ತಿಗಳನ್ನು ಕಾಯ್ದಿಡುವ ವ್ಯವಸ್ಥೆಗಳಲ್ಲಿಯೂ ಬೇರೆ ಬೇರೆ ಮನೋಧರ್ಮಗಳಿವೆ. 1972ರಲ್ಲಿ ಮಾರ್ಕ್ ರಾಚ್‌ಕೈಂಡ್ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಎಸ್‌ಸಿಸಿಎಸ್ ವ್ಯವಸ್ಥೆಯು ಎಲ್ಲ ಆವೃತ್ತಿಗಳ ಸಾಲುಗಳನ್ನೂ ಒಂದೇ ಕಡತದಲ್ಲಿ ಹೆಣೆದು, ಯಾವ ಸಾಲು ಯಾವ ಆವೃತ್ತಿಗೆ ಸೇರಿದ್ದೆಂಬ ಗುರುತನ್ನು ಇಡುತ್ತಿತ್ತು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಸಂಪಾದಿತ ಗ್ರಂಥಕ್ಕೆ ಇದು ಹತ್ತಿರದ ಕ್ರಮ. 1980ರ ದಶಕದ ಆರಂಭದಲ್ಲಿ ವಾಲ್ಟರ್ ಟಿಚಿ ರೂಪಿಸಿದ ಆರ್‌ಸಿಎಸ್ ವ್ಯವಸ್ಥೆಯು ಇತ್ತೀಚಿನ ಪಾಠವನ್ನು ಪೂರ್ಣವಾಗಿ ಇಟ್ಟುಕೊಂಡು, ಹಿಂದಿನವುಗಳನ್ನು ಅದರಿಂದ ಹಿಮ್ಮುಖವಾಗಿ ಕಟ್ಟಿಕೊಳ್ಳುತ್ತಿತ್ತು. ಇಲ್ಲಿ ಕೊನೆಯ ಪಾಠವೇ ಪ್ರಮಾಣ. ಹಿಂದಿನದೆಲ್ಲ ಅದರಿಂದ ಸಾಧಿತ. ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಗಿಟ್ ವ್ಯವಸ್ಥೆಯು ಪ್ರತಿಯೊಂದು ಹಂತವನ್ನೂ ಸ್ವತಂತ್ರವಾದ ಪೂರ್ಣ ಸ್ಥಿತಿಯೆಂದು ಭಾವಿಸುತ್ತದೆ. ಆ ಸ್ಥಿತಿಯ ಹೆಸರು ಅದರ ಒಳಗಿನ ಬರಹದಿಂದಲೇ ಲೆಕ್ಕಹಾಕಿ ಬಂದ ಸಂಖ್ಯೆಯಾದುದರಿಂದ, ಒಂದು ಅಕ್ಷರವನ್ನು ಸದ್ದಿಲ್ಲದೆ ಬದಲಿಸಿದರೂ ಹೆಸರು ಬೇರೆಯಾಗುತ್ತದೆ. ಪ್ರತಿಯೊಂದು ಹಂತಕ್ಕೂ ಕರ್ತೃವಿನ ಹೆಸರು, ಕಾಲ ಹಾಗೂ ವಿವರಣೆಯ ಟಿಪ್ಪಣಿ ಇರುತ್ತವೆ. ವರ್ಡಿನ ಗುರುತುಗಳಲ್ಲಿ ಕಾಣೆಯಾಗಿದ್ದ 'ಏಕೆ' ಎಂಬುದಕ್ಕೆ ಇಲ್ಲಿ ಒಂದು ಸ್ಥಾನ ದೊರೆಯುತ್ತದೆ. ಆದರೆ ಆ ಸ್ಥಾನವನ್ನು ತುಂಬುವುದು ಸಂಪಾದಕನ ಹೊಣೆ. 'ತಿದ್ದಲಾಗಿದೆ' ಎಂಬ ಒಂದೇ ಪದದ ಟಿಪ್ಪಣಿಯನ್ನೂ ಯಂತ್ರವು ತಕರಾರಿಲ್ಲದೆ ಸ್ವೀಕರಿಸುತ್ತದೆ.

ಇವೆಲ್ಲವೂ ಮುಖ್ಯವಾಗಿ ಗಣಕಕ್ರಮಗಳ ಬರವಣಿಗೆಗಾಗಿ ಹುಟ್ಟಿದವು. ಅಲ್ಲಿ ಸಾಲು ಎಂಬುದು ಅರ್ಥಪೂರ್ಣ ಘಟಕ. ಹಾಡುಗಬ್ಬದ ಸ್ಥಿತಿ ಬೇರೆ. ಮಲೆ ಮಾದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆಯೊಂದಿಗೆ ಹಾಡುವಾಗ ಹಿಮ್ಮೇಳದವರು ಸೊಲ್ಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಒಂದೇ ಸಾಲು ನೂರಾರು ಸಲ ಬಂದಾಗ, ಒಂದು ಪಾಠದ ಹತ್ತನೆಯ ಸೊಲ್ಲನ್ನು ಇನ್ನೊಂದರ ಹದಿನಾಲ್ಕನೆಯ ಸೊಲ್ಲಿಗೆ ಹೊಂದಿಸಿ ಡಿಫ್ ದಾರಿತಪ್ಪುವ ಸಂಭವವಿದೆ. ಬ್ರಾಮ್ ಕೋಹೆನ್ ಸೂಚಿಸಿದ 'ಪೇಷನ್ಸ್ ಡಿಫ್' ವಿಧಾನವು ಎರಡೂ ಪಾಠಗಳಲ್ಲಿ ಒಂದೊಂದೇ ಸಲ ಬರುವ ಸಾಲುಗಳನ್ನು ಮೊದಲು ಗೂಟಗಳಂತೆ ನೆಟ್ಟು ಈ ದೋಷವನ್ನು ತಗ್ಗಿಸುತ್ತದೆ. ಆದರೆ ಇಡೀ ಪ್ರಸಂಗವೊಂದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದರೆ, ಸಾಲುಗಳ ಅನುಕ್ರಮವನ್ನೇ ನೆಚ್ಚಿದ ಇಂತಹ ಹೋಲಿಕೆಯು ಅದನ್ನು ಇಲ್ಲಿ ಲೋಪ, ಅಲ್ಲಿ ಸೇರ್ಪಡೆ ಎಂದೇ ತೋರಿಸುತ್ತದೆ. ಗಾಯಕನು ಮರೆತನೆಂದು ಯಂತ್ರವು ಸೂಚಿಸುವ ಕಡೆ ಅವನು ಮಾಡಿದ್ದು ಕಥೆಯ ಜೋಡಣೆ.

5. ಕನ್ನಡ ಅಕ್ಷರ ಮತ್ತು ಹುಸಿ ಬದಲಾವಣೆ

ಕನ್ನಡ ಪಠ್ಯದ ಮಟ್ಟಿಗೆ ಇನ್ನೊಂದು ತೊಡಕನ್ನೂ ಪರಿಗಣಿಸಬೇಕು. ಓದುಗನ ಅಕ್ಷರವೂ ಯಂತ್ರದ ಸಂಕೇತವೂ ಒಂದೇ ಅಲ್ಲ. 'ಕ್ಷೇತ್ರ' ಎಂಬುದು ಓದುಗನಿಗೆ ಎರಡು ಅಕ್ಷರ. ಯೂನಿಕೋಡಿನಲ್ಲಿ ಅದು 7 ಸಂಕೇತಗಳ ಸರಣಿ. ಯುಟಿಎಫ್-8 ರೂಪದಲ್ಲಿ ಉಳಿಸಿದಾಗ 21 ಬೈಟುಗಳು. 'ಕೋ' ಎಂಬ ಅಕ್ಷರವನ್ನು ಕಕಾರ ಮತ್ತು ಓತ್ವದ ಒಂದೇ ಸಂಕೇತವಾಗಿ ಇಡಬಹುದು. ಕಕಾರ, ಎತ್ವ, ಊಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಬಿಡಿ ಸಂಕೇತಗಳಾಗಿಯೂ ಇಡಬಹುದು. ಯೂನಿಕೋಡಿನ ನಿಯಮದಂತೆ ಇವೆರಡೂ ಸಮಾನ. ಪರದೆಯ ಮೇಲೂ ಒಂದೇ ಆಗಿ ಕಾಣಬೇಕಾದವು. ಸಂಕೇತಗಳನ್ನಷ್ಟೇ ಎಣಿಸುವ ಹೋಲಿಕೆಯ ಉಪಕರಣಕ್ಕೆ ಮಾತ್ರ ಅವು ಬೇರೆ. ಕಣ್ಣಿಗೆ ಕಾಣದ ಶೂನ್ಯಗಾತ್ರದ ಜೋಡುಚಿಹ್ನೆಗಳೂ ಇಂತಹದೇ ಭ್ರಮೆ ಹುಟ್ಟಿಸುತ್ತವೆ.

ಯೂನಿಕೋಡಿಗೆ ಮೊದಲು ಬೆರಳಚ್ಚಾದ ಕಡತಗಳಲ್ಲಿ ಸಮಸ್ಯೆ ಇನ್ನೂ ಆಳವಾದುದು. ಅಲ್ಲಿ ಸಂಕೇತವೆಂದರೆ ಅಕ್ಷರವಲ್ಲ, ಅಕ್ಷರದ ಆಕಾರದ ತುಂಡು. ಅರ್ಕಾವತ್ತು ಕಣ್ಣಿಗೆ ವ್ಯಂಜನದ ಬಳಿಕ ಕಾಣುವುದರಿಂದ ಅಂತಹ ಅಕ್ಷರಶೈಲಿಗಳಲ್ಲಿ ಅದರ ಸಂಕೇತವೂ ಬಳಿಕವೇ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮಕ್ಕೆ ಅನುಗುಣವಾಗಿ ರೇಫವು ಮೊದಲು ಬರಬೇಕು. ಈ ಪರಿವರ್ತನೆಯಲ್ಲಿ ಪಾಠದ ಪ್ರತಿಯೊಂದು ಸಾಲಿನ ಸಂಕೇತವೂ ಬದಲಾಗುತ್ತದೆ. ಕೆಲವೆಡೆ ಅಕ್ಷರಗಳು ಕೆಡುತ್ತವೆ. ಪರಿವರ್ತನೆ ಮತ್ತು ಸಂಪಾದನೆಗಳನ್ನು ಒಟ್ಟಿಗೆ ಮಾಡಿ ಉಳಿಸಿದರೆ ಯಂತ್ರ ಕೆಡಿಸಿದ್ದು ಯಾವುದು, ಸಂಪಾದಕ ತಿದ್ದಿದ್ದು ಯಾವುದು, ಗಾಯಕ ನುಡಿದದ್ದು ಯಾವುದು ಎಂದು ಬೇರ್ಪಡಿಸುವುದು ಬಹು ಕಷ್ಟ. ಆದುದರಿಂದ ಪರಿವರ್ತನೆಯನ್ನು ಒಂದು ಪ್ರತ್ಯೇಕ ಹಂತವಾಗಿ ದಾಖಲಿಸಿ, ಸಮಾನ ಸರಣಿಗಳನ್ನು ಏಕರೂಪಕ್ಕೆ ತಂದು, ಅನಂತರವೇ ಸಂಪಾದನೆಗೆ ತೊಡಗುವುದು ಅಗತ್ಯ.

6. ಮೂಲವಿಲ್ಲದ ಪಾಠ

ಇದುವರೆಗೆ ಚರ್ಚಿಸಿದ ಎಲ್ಲ ವ್ಯವಸ್ಥೆಗಳ ಅಡಿಯಲ್ಲಿ ಒಂದು ನಂಬಿಕೆಯಿದೆ. ಬದಲಾವಣೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಮೊದಲು ಒಂದು ಮೂಲವಿರಬೇಕು. ಪೀಸ್ ಟೇಬಲ್ಲಿಗೆ ಮೂಲಸಂಗ್ರಹ ಬೇಕು. ಟ್ರ್ಯಾಕ್ ಚೇಂಜಸ್‌ಗೆ ಮೊದಲ ಪಾಠ ಬೇಕು. ಗಿಟ್ಟಿಗೆ ಪೂರ್ವಸ್ಥಿತಿ ಬೇಕು. ಪ್ರತಿಗಳಿಂದ ಮೂಲವನ್ನು ಪುನಾರಚಿಸುವ ಗ್ರಂಥಸಂಪಾದನೆಯ ನಂಬಿಕೆಯೂ ಇದಕ್ಕೆ ಸಮೀಪದ್ದೇ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯು ಈ ಪದ್ಧತಿಯ ಮಹಾಸಾಧನೆ. ವಿ.ಎಸ್. ಸುಕ್ತಣಕರ್ ಅವರ ನೇತೃತ್ವದಲ್ಲಿ ರೂಪುಗೊಂಡ ಅದರ ವಿನ್ಯಾಸದಲ್ಲಿ ನಿರ್ಣೀತ ಪಾಠ ಮೇಲೆ, ಪಾಠಾಂತರಗಳು ಕೆಳಗೆ, ದೀರ್ಘ ಪ್ರಕ್ಷೇಪಗಳು ಅನುಬಂಧದಲ್ಲಿ ಇರುತ್ತವೆ. ಓದುಗನು ಸಂಪಾದಕನ ನಿರ್ಣಯವನ್ನು ಒಪ್ಪದೆ ತನ್ನದೇ ಪಾಠವನ್ನು ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿ ಅಲ್ಲಿಯೇ ದೊರೆಯುತ್ತದೆ.

ಮೌಖಿಕ ಕಾವ್ಯಕ್ಕೆ ಈ ಮಾದರಿ ಹೊಂದುವುದಿಲ್ಲವೆಂಬುದನ್ನು ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯಾದಲ್ಲಿ ನಡೆಸಿದ ಕ್ಷೇತ್ರಕಾರ್ಯದ ಆಧಾರದಿಂದ ಆಲ್ಬರ್ಟ್ ಲಾರ್ಡ್ ತಮ್ಮ 1960ರ 'ದಿ ಸಿಂಗರ್ ಆಫ್ ಟೇಲ್ಸ್' ಗ್ರಂಥದಲ್ಲಿ ಪ್ರತಿಪಾದಿಸಿದರು. ಗಾಯಕನು ಕಂಠಪಾಠದ ಒಂದು ಮೂಲವನ್ನು ಒಪ್ಪಿಸುತ್ತಿಲ್ಲ. ಸಿದ್ಧಸೂತ್ರಗಳ ನೆರವಿನಿಂದ ಪ್ರತಿಬಾರಿಯೂ ಕಾವ್ಯವನ್ನು ಕಟ್ಟುತ್ತಿದ್ದಾನೆ. ಹೀಗಾಗಿ ಪ್ರತಿಯೊಂದು ಪ್ರದರ್ಶನವೂ ಮೂಲವೇ. ನಿನ್ನೆಯ ಹಾಡಿಗೂ ಇಂದಿನ ಹಾಡಿಗೂ ನಡುವಣ ಭಿನ್ನತೆಯನ್ನು 'ಬದಲಾವಣೆ' ಎಂದು ದಾಖಲಿಸುವುದೆಂದರೆ ಇಂದಿನದನ್ನು ನಿನ್ನೆಯದರ ತಿದ್ದಿದ ಪ್ರತಿಯನ್ನಾಗಿ ಮಾಡಿದಂತೆ.

ಕರ್ನಾಟಕದ ಕರಾವಳಿಯಲ್ಲಿ ಈ ತಿಳಿವಳಿಕೆಗೆ ಅನುಗುಣವಾಗಿ ನಡೆದ ಮಹತ್ವದ ಕಾರ್ಯವೆಂದರೆ ತುಳುವಿನ ಸಿರಿ ಕಾವ್ಯದ ಸಂಪಾದನೆ. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹೇಳಿದ ಪಾಠವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಹಾಗೂ ಅನ್ನೇಲಿ ಹಾಂಕೊ ಅವರೊಡಗೂಡಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಪಾಠ ಒಬ್ಬ ಗಾಯಕನ ಒಂದು ನಿರೂಪಣೆಯ ಪಾಠ. ಹಲವರ ಹಾಡುಗಳನ್ನು ಬೆರೆಸಿ 'ಸಮಗ್ರ' ಪಾಠವನ್ನು ನಿರ್ಮಿಸುವ ಆಸೆಗೆ ಅಲ್ಲಿ ಎಡೆಗೊಟ್ಟಿಲ್ಲ. ಬರಹಕ್ಕಿಳಿಸಿದ ಕ್ರಮವನ್ನು ಚರ್ಚಿಸಲು ಒಂದು ಪ್ರತ್ಯೇಕ ಸಂಪುಟವನ್ನೇ ಮೀಸಲಿಟ್ಟುದು ಇನ್ನೂ ಮುಖ್ಯವಾದ ಸಂಗತಿ. ಮಾದೇಶ್ವರ, ಮಂಟೇಸ್ವಾಮಿಯಂತಹ ಕಾವ್ಯಗಳಿಗೂ ಬೇರೆ ಬೇರೆ ಗಾಯಕರ ಪಾಠಗಳು ಅಚ್ಚಾಗಿವೆ. ಅವುಗಳಲ್ಲಿ ಒಂದನ್ನು ಆಧಾರಪ್ರತಿಯಾಗಿಟ್ಟು ಉಳಿದವನ್ನು ಅದರ ಕವಲುಗಳೆಂದು ಯಂತ್ರಕ್ಕೆ ಒಪ್ಪಿಸುವುದು ಶಾಸ್ತ್ರದೃಷ್ಟಿಯಿಂದ ಸಾಧುವಲ್ಲ.

ಇಲ್ಲಿ ಎರಡು ಬಗೆಯ ಭಿನ್ನತೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಗಾಯಕರ ನಡುವಣ, ಪ್ರದರ್ಶನಗಳ ನಡುವಣ ಭಿನ್ನತೆ ಸೃಷ್ಟಿಶೀಲವಾದುದು. ಅದಕ್ಕೆ ಮೂಲವಿಲ್ಲ, ಅದನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಒಂದು ಪ್ರದರ್ಶನದ ಧ್ವನಿಮುದ್ರಿಕೆಯಿಂದ ಅಚ್ಚಿನ ಪುಟದವರೆಗೆ ನಡೆಯುವ ಭಿನ್ನತೆ ಸಂಪಾದಕೀಯವಾದುದು. ಅದಕ್ಕೆ ಮೂಲವಿದೆ, ಧ್ವನಿಯೇ ಆ ಮೂಲ. ತಂತ್ರಾಂಶದ ಜಾಡು ಹಿಡಿಯುವ ಶಕ್ತಿ ನಿಜವಾಗಿ ಸಲ್ಲುವುದು ಈ ಎರಡನೆಯದಕ್ಕೆ. ಆದರೆ ರೂಢಿಯಲ್ಲಿ ಇದು ತಲೆಕೆಳಗಾಗುವುದುಂಟು. ಗಾಯಕರ ಭಿನ್ನತೆಗಳನ್ನು ಪಾಠಾಂತರಗಳೆಂದು ಶ್ರದ್ಧೆಯಿಂದ ಪಟ್ಟಿಮಾಡುವ ಸಂಪಾದಕನೇ ತನ್ನ ಕೈಯ ತಿದ್ದುಪಡಿಗಳನ್ನು 'ಅಗತ್ಯವಿದ್ದೆಡೆ ಸರಿಪಡಿಸಲಾಗಿದೆ' ಎಂಬ ಒಂದು ವಾಕ್ಯದಲ್ಲಿ ಮುಗಿಸುತ್ತಾನೆ. ಅಂತಹ ಪಾಠದ ಆಧಾರದಿಂದ ಉಪಭಾಷೆಯ ಅಧ್ಯಯನಕ್ಕೆ ತೊಡಗುವ ಸಂಶೋಧಕನು ಪುಟದ ಮೇಲಿನ ಹಕಾರ ಗಾಯಕನದೋ ಸಂಪಾದಕನದೋ ತಿಳಿಯದೆ ನಿಲ್ಲಬೇಕಾಗುತ್ತದೆ. ಗಾಯಕನು ತೀರಿಕೊಂಡು, ಧ್ವನಿಸುರುಳಿಯೂ ಕೆಟ್ಟಿದ್ದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ.

7. ಅಳಿಸುವ ಹಕ್ಕು

ಎಲ್ಲವನ್ನೂ ಉಳಿಸಬೇಕೆಂಬ ಈ ವಾದಕ್ಕೆ ಒಂದು ಮಿತಿಯೂ ಇದೆ. ವರ್ಡಿನ ಹಿಂದಿನ ಆವೃತ್ತಿಗಳಲ್ಲಿ 'ಫಾಸ್ಟ್ ಸೇವ್' ಎಂಬ ಸೌಲಭ್ಯವಿತ್ತು. ಸಮಯ ಉಳಿಸುವ ಸಲುವಾಗಿ ಅದು ಇಡೀ ಪಾಠವನ್ನು ಮತ್ತೆ ಬರೆಯದೆ ಬದಲಾವಣೆಗಳನ್ನಷ್ಟೇ ಕಡತದ ಕೊನೆಗೆ ಸೇರಿಸುತ್ತಿತ್ತು. ಇದರಿಂದ, ಅಳಿಸಿದೆನೆಂದು ಲೇಖಕನು ನಂಬಿದ ಭಾಗ ಕಡತದೊಳಗೇ ಉಳಿದು, ಬೇರೊಂದು ಉಪಕರಣದಿಂದ ತೆರೆದವರಿಗೆ ಕಾಣಸಿಗುತ್ತಿತ್ತು. 2003ರಲ್ಲಿ ಇರಾಕ್ ಕುರಿತು ಬ್ರಿಟಿಷ್ ಸರ್ಕಾರ ಹೊರಡಿಸಿದ ದಸ್ತಾವೇಜಿನ ವರ್ಡ್ ಕಡತದಲ್ಲಿ, ಅದನ್ನು ಕೊನೆಯಲ್ಲಿ ತಿದ್ದಿ ಉಳಿಸಿದವರ ಹೆಸರುಗಳು ಅಡಗಿ ಉಳಿದು ಬಹಿರಂಗವಾದುದು ಪ್ರಸಿದ್ಧ ಸಂಗತಿ. ಕಡತವು ತನ್ನ ಒಡೆಯನಿಗೆ ತಿಳಿಯದಂತೆ ನೆನಪಿಟ್ಟುಕೊಳ್ಳಬಲ್ಲದು.

ಕ್ಷೇತ್ರಕಾರ್ಯದಲ್ಲಿ ಇದು ಲಘುವಾದ ವಿಷಯವಲ್ಲ. ಆಚರಣೆಗೆ ಸೇರಿದ ಒಂದು ಭಾಗ ಹೊರಗಿನವರ ಕಿವಿಗೆ ಬೀಳಬಾರದೆಂದು ಗಾಯಕನು ಅಪೇಕ್ಷಿಸಬಹುದು. ಒಂದು ಕುಟುಂಬವನ್ನೋ ಸಮುದಾಯವನ್ನೋ ನೋಯಿಸುವ ಮಾತನ್ನು ತೆಗೆಯುವಂತೆ ಕೇಳಬಹುದು. ಅಳಿಸುತ್ತೇವೆಂದು ಒಪ್ಪಿದ ಮೇಲೆ ಅದು ಗುಪ್ತವಾಗಿ ಉಳಿದಿದ್ದರೆ ಸಂಪಾದಕನು ಮಾತಿಗೆ ತಪ್ಪಿದಂತೆ. ಆದುದರಿಂದ ಭಾಷೆಯನ್ನು ಶಿಷ್ಟಗೊಳಿಸಲು ಸಂಪಾದಕನು ತೆಗೆದದ್ದು ಹಾಗೂ ಒಡೆಯನಾದ ಗಾಯಕನು ಹಿಂಪಡೆದದ್ದು ಎಂಬ ಭೇದವನ್ನು ಪಾಲಿಸಬೇಕು. ಮೊದಲನೆಯದು ಉಳಿಯಲೇಬೇಕು. ಎರಡನೆಯದರಲ್ಲಿ 'ಇಲ್ಲಿ ಒಂದು ಭಾಗವನ್ನು ಗಾಯಕನ ಇಚ್ಛೆಯಂತೆ ಕೈಬಿಡಲಾಗಿದೆ' ಎಂಬ ಗುರುತು ಉಳಿದರೆ ಸಾಕು. ಈ ಭೇದ ಯಂತ್ರಕ್ಕೆ ತಿಳಿಯದು. ಅದಕ್ಕೆ ಎರಡೂ ಬರಿಯ ಲೋಪಗಳು.

8. ಸಮಾರೋಪ

ಒಟ್ಟಾರೆಯಾಗಿ, ಪಠ್ಯ ತಂತ್ರಾಂಶಗಳ ಇತಿಹಾಸವು ಸಂಪಾದಕನಿಗೆ ಒಂದು ಆದರ್ಶವನ್ನೂ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಮೂಲವನ್ನು ಮುಟ್ಟದೆ ಸೇರ್ಪಡೆಯನ್ನು ಬೇರೆಯಾಗಿಟ್ಟು, ಓದಿನ ಕ್ರಮವನ್ನಷ್ಟೇ ಬದಲಿಸುವ ಪೀಸ್ ಟೇಬಲ್ಲಿನ ತತ್ತ್ವ ಆದರ್ಶಪ್ರಾಯವಾದುದು. ಆ ತತ್ತ್ವ ತಂತ್ರಾಂಶದ ಒಳಗೆ ಮಾತ್ರ ನಡೆದು, ಉಳಿಸುವ ಹೊತ್ತಿಗೆ ಕಳಚಿಹೋಗುತ್ತದೆಂಬುದು ಎಚ್ಚರಿಕೆ. ಅದನ್ನು ಸಂಪಾದನೆಯ ಶಿಸ್ತಾಗಿ ಹೊರತರಬೇಕಾದರೆ ಕೆಲವು ಕ್ರಮಗಳು ಅನಿವಾರ್ಯ. ಧ್ವನಿಯಿಂದ ಇಳಿಸಿದ ಮೊದಲ ಬರಹವನ್ನು ಯಾರೂ ತಿದ್ದದಂತೆ ಪ್ರತ್ಯೇಕವಾಗಿ ಕಾಯ್ದಿಡಬೇಕು. ಧ್ವನಿಮುದ್ರಿಕೆಯ ನಿಮಿಷ ಸೆಕೆಂಡುಗಳನ್ನು ಸಾಲುಗಳ ಎದುರು ನಮೂದಿಸಬೇಕು. ಸಂಕೇತ ಪರಿವರ್ತನೆ, ಕೇಳಿಸಿಕೊಂಡುದರ ತಿದ್ದುಪಡಿ, ಕಾಗುಣಿತದ ಏಕರೂಪತೆ, ಅಚ್ಚಿನ ಅನುಕೂಲದ ಬದಲಾವಣೆಗಳನ್ನು ಒಂದರೊಳಗೊಂದು ಬೆರೆಸದೆ ಬೇರೆ ಬೇರೆ ಹಂತಗಳಾಗಿ, ಹೆಸರು ಮತ್ತು ಕಾರಣ ಸಹಿತ ದಾಖಲಿಸಬೇಕು. ಸಾವಿರ ಕಡೆ ನಡೆದ ಒಂದೇ ಬಗೆಯ ತಿದ್ದುಪಡಿಯನ್ನು ನಿಯಮವಾಗಿ ಪೀಠಿಕೆಯಲ್ಲಿ ತಿಳಿಸಬೇಕು. ಒಬ್ಬ ಗಾಯಕನ ಒಂದು ಪ್ರದರ್ಶನ ಒಂದು ಸ್ವತಂತ್ರ ಕಡತವಾಗಿರಬೇಕು.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಗಿಟ್, ಈಮ್ಯಾಕ್ಸ್, ವಿಮ್‌ಗಳು ಹಣ ತೆರದೆ ದೊರೆಯುತ್ತವೆ. ಅವುಗಳ ಪರಿಚಯವಿಲ್ಲದವರು ದಿನಾಂಕ ನಮೂದಿಸಿದ ಬಿಡಿ ಪ್ರತಿಗಳನ್ನೂ ಕಾರಣಗಳನ್ನು ಬರೆದಿಟ್ಟ ಒಂದು ನೋಟುಪುಸ್ತಕವನ್ನೂ ಇಟ್ಟುಕೊಂಡರೂ ಈ ಶಿಸ್ತಿನ ಬಹುಭಾಗ ಸಿದ್ಧಿಸುತ್ತದೆ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಮತ್ತು ಅಕಾಡೆಮಿಗಳು ಸಂಪಾದಿತ ಗ್ರಂಥದೊಂದಿಗೆ ಅದರ ಮೊದಲ ಬರಹವನ್ನೂ ಹಂತಗಳ ದಾಖಲೆಯನ್ನೂ ಗ್ರಂಥಾಲಯಕ್ಕೆ ಒಪ್ಪಿಸುವಂತೆ ಸಂಪಾದಕರನ್ನು ಕೇಳಿಕೊಳ್ಳುವುದು ಸಾಧ್ಯವಾದ, ಆಗಲೇಬೇಕಾದ ಕಾರ್ಯ. ಅಲ್ಲಿಯವರೆಗೆ ಅಚ್ಚಾದ ಪ್ರತಿಯೊಂದು ಮೌಖಿಕ ಕಾವ್ಯವನ್ನು ಓದುವಾಗಲೂ, ಈ ಪದ ಹಾಡಿದವರದೋ ತಿದ್ದಿದವರದೋ ಎಂಬ ಸಂದೇಹವನ್ನು ಸಂಶೋಧಕನು ಕೈಬಿಡುವಂತಿಲ್ಲ.